ಶಿರಾ ಗೇಟ್ ಸಿಂಹಕ್ಕೆ ಏಳು ದೇಶದ ಕಾನೂನು

ನಮ್ಮ ಬೀದಿಯ ನಾಗೇಶನಷ್ಟು ಸಾಧುವಾದ ಮನುಷ್ಯ ತುಮಕೂರಿನಲ್ಲಿ ಇನ್ನೊಬ್ಬ ಇದ್ದರೆ ಅವನನ್ನೂ ಒಮ್ಮೆ ನೋಡಬೇಕೆಂಬ ಆಸೆ ನನಗಿದೆ. ಊರಂಚಿನ ಸತ್ಯಮಂಗಲದ ಸಣ್ಣದೊಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಅಂದರೆ ಮೇಲಿನವರೂ ಅವನನ್ನು ಗದರುತ್ತಾರೆ, ಕೆಳಗಿನವರೂ ಗದರುತ್ತಾರೆ. ಪಕ್ಕದ ಮನೆಯ ಹೊಂಬಾಳಮ್ಮನ ಮಗ ತನ್ನ ಬೈಕನ್ನು ದಿನಾ ನಾಗೇಶನ ಗೇಟಿಗೆ ಅಡ್ಡವಾಗಿ ನಿಲ್ಲಿಸುತ್ತಾನೆ. ನಾಗೇಶ ಹೊಟ್ಟೆಯನ್ನು ಒಳಗೆಳೆದುಕೊಂಡು, ಪಕ್ಕವಾಗಿ ತೂರಿಕೊಂಡು ತನ್ನ ಮನೆಗೆ ತಾನು ಹೋಗುತ್ತಾನೆ. ಗಾಡಿ ತೆಗೆಯಿರಿ ಎಂಬ ಮಾತು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನ ಗಂಟಲು ದಾಟಿಲ್ಲ.

ಆದರೆ ಸಂಜೆ ಊಟ ಮುಗಿದು ಫೋನು ಕೈಗೆ ಬಂತೆಂದರೆ ಅವನು ನಾಗೇಶನಲ್ಲ, ‘ಶಿರಾ ಗೇಟ್ ಸಿಂಹ’. ಆ ಹೆಸರನ್ನು ಯಾರೂ ಕೊಟ್ಟದ್ದಲ್ಲ, ತಾನೇ ಇಟ್ಟುಕೊಂಡದ್ದು. ಹೆಸರಿನ ಪಕ್ಕದಲ್ಲಿ ಬಾಯಿ ತೆರೆದ ಸಿಂಹದ ಚಿತ್ರ. ಈ ಸಿಂಹಕ್ಕೆ ಲೋಕದಲ್ಲಿ ಯಾರ ಭಯವೂ ಇರಲಿಲ್ಲ. ಮಂತ್ರಿಗಳು ನಾಳೆಯೊಳಗೆ ರಾಜೀನಾಮೆ ಕೊಡಬೇಕೆಂದು ಅದು ಗಡುವು ಹಾಕುತ್ತಿತ್ತು. ಕ್ಯಾಚು ಬಿಟ್ಟ ಆಟಗಾರರಿಗೆ ಮನೆಗೆ ಬರುವ ದಾರಿ ನೋಡಿಕೋ ಎನ್ನುತ್ತಿತ್ತು. ನಮ್ಮೂರ ಶಿರಾ ಗೇಟ್ ಸರ್ಕಲ್ಲಿನ ಟ್ರಾಫಿಕ್ ಪೊಲೀಸರ ಸೀಟಿಯನ್ನು ಕಿತ್ತು ಅವರ ಬಾಯಿಗೇ ತುರುಕುವುದಾಗಿಯೂ ಒಮ್ಮೆ ಬರೆದಿತ್ತು. ಹೆಂಡತಿ ಪ್ರೇಮಲತಾ ಮಾತ್ರ, ನಮ್ಮನೆಯವರು ಪಾಪ ರಾತ್ರಿಯೆಲ್ಲ ನ್ಯೂಸ್ ಓದ್ತಾರೆ ಎಂದುಕೊಂಡಿದ್ದಳು.

ಒಂದು ಸಂಜೆ ಸಿಂಹದ ಕಣ್ಣಿಗೆ ಒಂದು ವಿಡಿಯೊ ಬಿತ್ತು. ಯಾವುದೋ ಹೊರದೇಶದಲ್ಲಿರುವ ಕಾಂತೇಶ್ ಎಂಬ ಹುಡುಗ ‘ಹೆಬ್ಬೂರು ಹುಡುಗನ ಅಡುಗೆಮನೆ’ ಎಂದು ಹೆಸರಿಟ್ಟುಕೊಂಡು ರಾಗಿ ಮುದ್ದೆ ಮಾಡುವುದನ್ನು ತೋರಿಸುತ್ತಿದ್ದ. ಹಿಟ್ಟನ್ನು ಕೇಕು ಕಲಸುವ ಮೆಷಿನ್ನಿಗೆ ಹಾಕಿದ. ಐಸ್‌ಕ್ರೀಮು ತೆಗೆಯುವ ಚಮಚದಲ್ಲಿ ಉಂಡೆ ಮಾಡಿದ. ಅಷ್ಟಾದರೂ ನಾಗೇಶ ತಡೆದುಕೊಂಡ. ಆಮೇಲೆ ಆ ಹುಡುಗ ಮುದ್ದೆಯನ್ನು ಪಿಂಗಾಣಿ ತಟ್ಟೆಯಲ್ಲಿಟ್ಟು, ಚಾಕುವಿನಿಂದ ಕೊಯ್ದು, ಫೋರ್ಕಿನಲ್ಲಿ ಚುಚ್ಚಿ, ಬಾಯಿಗಿಟ್ಟು, ಅಗಿದ. ಮುದ್ದೆಯನ್ನು ಅಗಿದ. ಆಗತಾನೇ ಬಸ್ಸಾರಿನಲ್ಲಿ ಅದ್ದಿ ಎರಡು ಮುದ್ದೆ ನುಂಗಿ ಎದ್ದಿದ್ದ ನಾಗೇಶನಿಗೆ ತನ್ನ ಕುಲವನ್ನೇ ಯಾರೋ ಕೊಯ್ದಂತಾಯಿತು. ಹೆಬ್ಬೆರಳು ತಾನಾಗಿಯೇ ಓಡಿತು: “ಊರಿಗೆ ಬಾ ಮಗನೇ. ಶಿರಾ ಗೇಟಲ್ಲಿ ನಿಲ್ಲಿಸಿ ಎರಡೂ ಕೈ ಮುರೀತೀನಿ. ನೀನು ಎಲ್ಲಿದ್ದೀಯ ಅಂತ ನನಗೆ ಗೊತ್ತು.”

ಅವನೆಲ್ಲಿದ್ದಾನೆಂದು ನಾಗೇಶನಿಗೆ ಏನೇನೂ ಗೊತ್ತಿರಲಿಲ್ಲ. ಬರೆದರೆ ಒಂದು ತೂಕ ಬರುತ್ತದೆಂದು ಬರೆದದ್ದು. ಕೆಳಗೆ ಮೂರು ಕೊಡಲಿಯ ಚಿತ್ರ ಅಂಟಿಸಿ, ಮಗ್ಗುಲು ಬದಲಿಸಿ ಸುಖವಾಗಿ ನಿದ್ದೆ ಮಾಡಿದ.

ಎರಡು ದಿನ ಬಿಟ್ಟು ಉತ್ತರ ಬಂತು. “ನಾನಿರುವ ದೇಶದಲ್ಲಿ ಹೀಗೆ ಬರೆಯುವುದು ಅಪರಾಧ. ಇಲ್ಲಿನ ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ನಿಮ್ಮ ಊರಿನ ಪೊಲೀಸರನ್ನೂ ಕೇಳುತ್ತಾರಂತೆ.”

ನಾಗೇಶ ಎದ್ದು ಮುಂಬಾಗಿಲಿನ ಚಿಲಕ ಹಾಕಿದ. ಫೋನನ್ನು ಸ್ವಿಚ್ ಆಫ್ ಮಾಡಿದ. ಸ್ವಿಚ್ ಆಫ್ ಆದ ಫೋನೂ ಪೊಲೀಸರಿಗೆ ದಾರಿ ತೋರಿಸುತ್ತದೆಂದು ಯಾರೋ ಹೇಳಿದ್ದು ನೆನಪಾಗಿ, ಅದನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ರಾಗಿ ಡಬ್ಬದ ತಳಕ್ಕೆ ತುರುಕಿದ. ಫೋನ್ ಎಲ್ಲಿ ಎಂದು ಪ್ರೇಮಲತಾ ಕೇಳಿದ್ದಕ್ಕೆ ರಿಪೇರಿಗೆ ಕೊಟ್ಟಿದ್ದೀನಿ ಎಂದ. ಅಂದಿನಿಂದ ಕಸದ ಗಾಡಿಯ ಹಾಡು ಕೇಳಿದರೂ ಎದ್ದು ನಿಲ್ಲುತ್ತಿದ್ದ. ಕುಕ್ಕರ್ ಕೂಗಿದರೆ ಹಿತ್ತಲ ಬಾಗಿಲಿನ ಕಡೆ ನೋಡುತ್ತಿದ್ದ. ಕಾರ್ಖಾನೆಯ ಗೇಟಿನಲ್ಲಿ ಖಾಕಿ ತೊಟ್ಟ ವಾಚ್‌ಮನ್ನನ್ನು ಕಂಡು ಒಂದು ಬೆಳಿಗ್ಗೆ ಕೈ ಮುಗಿದೂಬಿಟ್ಟ. ಹನ್ನೆರಡು ವರ್ಷದಿಂದ ನೋಡುತ್ತಿದ್ದ ವಾಚ್‌ಮನ್ ಅವನು.

ಹೀಗೆ ಎರಡು ವಾರ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ನಾಗೇಶ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬೀದಿಯ ತಿರುವಿಗೆ ಬಂದ. ಅವನ ಅವ್ವ ಪುಟ್ಟತಾಯಮ್ಮ, ಕಾಲೇಜಿಗೆ ಹೋಗುವ ಮಗಳು ಮಾನಸಾ ಇಬ್ಬರೂ ಹಿಂದಿನ ದಿನವೇ ಹೆಬ್ಬೂರಿಗೆ ಹೋಗಿದ್ದರು. ಅದು ಅವ್ವನ ತವರು. ತಿರುವಿನಲ್ಲೇ ಪೊಲೀಸ್ ಪೇದೆಯೊಬ್ಬ ಬೈಕು ನಿಲ್ಲಿಸಿಕೊಂಡು ಮನೆಗಳ ನಂಬರು ಓದುತ್ತಿದ್ದ. ಎದೆಯ ಮೇಲೆ ಬೆಟ್ಟಸ್ವಾಮಿ ಎಂಬ ಹೆಸರಿನ ಪಟ್ಟಿ.

“ಇಲ್ಲಿ ನಾಗೇಶ್ ಅನ್ನೋರ ಮನೆ ಯಾವ್ದು?” ಎಂದು ಅವನು ನಾಗೇಶನನ್ನೇ ಕೇಳಿದ.

ಇಂಥ ಹೊತ್ತಿನಲ್ಲಿ ಧೈರ್ಯವಂತರು ಏನು ಹೇಳುತ್ತಾರೋ ನನಗೆ ತಿಳಿಯದು. ನಾಗೇಶ, “ಗೊತ್ತಿಲ್ಲ ಸಾರ್, ನಾನು ಈ ಕಡೆಯವನಲ್ಲ,” ಎಂದ. ಮಾತಿಗೆ ತಕ್ಕಂತೆ ಬಂದ ದಾರಿಗೇ ತಿರುಗಿದ. ನಡೆದ, ಆಮೇಲೆ ಬೇಗ ನಡೆದ, ಆಮೇಲೆ ಎದುರಿಗೆ ಬಂದ ಗುಬ್ಬಿ ಬಸ್ಸು ಹತ್ತಿದ. ಇಡ್ಲಿ ಪೊಟ್ಟಣ ಕೈಯಲ್ಲೇ ಇತ್ತು.

ಗುಬ್ಬಿಯಲ್ಲಿ ಅವನ ಹೆಂಡತಿಯ ತಮ್ಮ ರವೀಶನದೊಂದು ಜೆರಾಕ್ಸ್ ಅಂಗಡಿಯಿದೆ. ರವೀಶ ಎರಡು ವರ್ಷ ಲಾ ಓದಿ ಬಿಟ್ಟವನು. ಮೂರನೇ ವರ್ಷವನ್ನೂ ಓದಿದ್ದರೆ ಇಷ್ಟು ಧೈರ್ಯವಾಗಿ ಕಾನೂನು ಮಾತಾಡುತ್ತಿರಲಿಲ್ಲ. ಭಾವನ ಕಥೆ ಕೇಳಿ ಅವನ ಮುಖ ಅರಳಿತು. ಇಷ್ಟು ದಿನ ಅವನ ಬಳಿಗೆ ಬರುತ್ತಿದ್ದುದೆಲ್ಲ ಬರೀ ಪಹಣಿ, ಜಾತಿ ಪತ್ರ. ಈಗ ಅಂತಾರಾಷ್ಟ್ರೀಯ ಕೇಸೇ ಬಾಗಿಲಿಗೆ ಬಂದಿತ್ತು. ಶಟರನ್ನು ಅರ್ಧ ಇಳಿಸಿ, ತನ್ನ ಫೋನಿನಲ್ಲಿ ದೇಶದೇಶಗಳ ಕಾನೂನು ಹುಡುಕುತ್ತ ಕೂತ.

“ದೇಶ ಯಾವ್ದು ಭಾವ?”

“ಗೊತ್ತಿಲ್ಲ ಕಣೋ. ಕಿಟಕಿ ಕಾಣ್ತಿತ್ತು. ಹೊರಗಡೆ ಬೆಳ್ಳಗಿತ್ತು.”

“ಮಂಜಾ, ಕರ್ಟನ್ನಾ?”

ನಾಗೇಶ ಕಣ್ಣು ಮುಚ್ಚಿ ಯೋಚಿಸಿದ. ಚಾಕು ನೆನಪಾಯಿತು, ಮುದ್ದೆ ನೆನಪಾಯಿತು, ಕಿಟಕಿ ಮಾತ್ರ ನೆನಪಾಗಲಿಲ್ಲ. ಎರಡೂ ಇರಬಹುದು ಎಂದ. ಹಾಗಾದರೆ ಎಲ್ಲ ದೇಶಕ್ಕೂ ತಯಾರಾಗಿರಬೇಕು ಎಂದು ರವೀಶ ತೀರ್ಮಾನಿಸಿದ.

ಕರ್ಟನ್ನಾಗಿದ್ದರೆ ಸಿಂಗಪುರವಿರಬಹುದು. ಅಲ್ಲಿ ಕಿರುಕುಳಕ್ಕೆಂದೇ ಬೇರೆ ಕಾನೂನಿದೆ, ಬೆದರಿಸಿದರೆ ಆರು ತಿಂಗಳವರೆಗೂ ಒಳಗೆ ಹಾಕಬಹುದು. ದುಬೈ ಆಗಿದ್ದರೆ ನೆಟ್ಟಿನಲ್ಲಿ ಬೈದವನಿಗೆ ಜೈಲೂ ಉಂಟು, ದಂಡವೂ ಉಂಟು, ಮೇಲೆ ಗಡೀಪಾರೂ ಉಂಟು. ನಾನು ಅಲ್ಲಿ ಇಲ್ಲವೇ ಇಲ್ಲವಲ್ಲ, ಹೇಗೆ ಗಡೀಪಾರು ಮಾಡುತ್ತಾರೆ ಎಂದು ನಾಗೇಶ ಆಸೆಯಿಂದ ಕೇಳಿದ. ಮೊದಲು ಕರೆಸಿಕೊಳ್ಳುತ್ತಾರೆ, ಆಮೇಲೆ ಮಾಡುತ್ತಾರೆ ಎಂದು ರವೀಶ ತನ್ನದೇ ಕಾನೂನೊಂದನ್ನು ಸೇರಿಸಿದ. ಮಂಜಾಗಿದ್ದರೆ ನ್ಯೂಜಿಲೆಂಡ್, ಎರಡು ವರ್ಷದವರೆಗೆ. ಬ್ರಿಟನ್ನಿನಲ್ಲಿ ಈಗೊಂದು ಹೊಸ ಕಾನೂನು ಬಂದಿದೆ, ಬೆದರಿಕೆ ಬರೆದು ಕಳಿಸಿದರೆ ಐದು ವರ್ಷದವರೆಗೆ. ಜಪಾನಿನಲ್ಲಿ ಮೊದಲು ಬೈಗುಳಕ್ಕೆ ಕೆಲವೇ ದಿನಗಳ ಸಜೆಯಿತ್ತಂತೆ. ಇಂಥವೇ ಕಾಮೆಂಟುಗಳನ್ನು ಓದಿ ಓದಿ ಒಂದು ಹುಡುಗಿ ಜೀವ ಕಳೆದುಕೊಂಡ ಮೇಲೆ ಅದನ್ನು ಒಂದು ವರ್ಷಕ್ಕೆ ಏರಿಸಿದರಂತೆ.

ಅದನ್ನು ಕೇಳಿ ನಾಗೇಶ ಇಡ್ಲಿ ಪೊಟ್ಟಣವನ್ನು ಪಕ್ಕಕ್ಕಿಟ್ಟ. ಅಲ್ಲಿಯವರೆಗೆ ಅವನು ತನ್ನ ಜೀವದ ಬಗ್ಗೆ ಮಾತ್ರ ಹೆದರಿದ್ದ.

“ಯಾವ್ ದೇಶ ಆದ್ರೂ ಆಗ್ಲಿ, ಜರ್ಮನಿ ಆಗ್ದೇ ಇರ್ಲಿ ಅಂತ ಬೇಡ್ಕೊ ಭಾವ,” ಎಂದ ರವೀಶ. “ಅಲ್ಲಿ ಬೆದರಿಕೆ ಹಂಗಿರ್ಲಿ, ಬರೀ ಬೈದ್ರೇ ಕ್ರಿಮಿನಲ್ ಕೇಸು. ಬೀದೀಲಿ ಬೆರಳು ತೋರ್ಸಿದ್ರೂ ಕೇಸು. ನಾಲ್ಕು ಜನ ಓದಂಗೆ ಬೈದ್ರೆ ಎರಡು ವರ್ಷದವರ್ಗೂ ಹಾಕ್ಬೋದು.”

ನಾಗೇಶ ಅಷ್ಟೂ ದೇಶಗಳ ವರ್ಷಗಳನ್ನು ಬೆರಳಿನಲ್ಲಿ ಕೂಡಿಸುತ್ತಿದ್ದ. ಒಂದು ಮುಗಿದ ಮೇಲೆ ಇನ್ನೊಂದು ದೇಶಕ್ಕೆ ಕಳಿಸುತ್ತಾರೆಂದು ಅವನ ಲೆಕ್ಕ. ನಮ್ಮ ದೇಶದಲ್ಲಾದರೂ ಏನಾದರೂ ದಾರಿಯಿದೆಯೇ ಎಂದು ಕೊನೆಗೆ ಕೇಳಿದ. ನೆಟ್ಟಿನಲ್ಲಿ ಬೇಸರವಾಗುವಂತೆ ಬರೆದರೆ ಹಿಡಿಯುತ್ತಿದ್ದ ಹಳೆಯ ಸೆಕ್ಷನ್ನನ್ನು ಸುಪ್ರೀಂ ಕೋರ್ಟು ತೆಗೆದು ಹಾಕಿದೆ ಎಂದ ರವೀಶ. ನಾಗೇಶ ಉಸಿರು ಬಿಟ್ಟ. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವುದರೊಳಗೆ ರವೀಶ ಮುಂದುವರಿಸಿದ. ಬೇಸರ ಬೇರೆ, ಬೆದರಿಕೆ ಬೇರೆ. ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ ಎರಡು ವರ್ಷ. ಕೈ ಮುರಿಯುವಂಥ ಬೆದರಿಕೆಯಾದರೆ ಏಳರವರೆಗೂ ಹೋಗಬಹುದು.

“ಹೆಸ್ರು ಮುಚ್ಚಿಟ್ಕಂಡು ಬೆದರಿಸಿದ್ರೆ ಅದ್ರ ಮೇಲೆ ಇನ್ನೂ ಎರಡು. ಸ್ವಂತ ಹೆಸ್ರಲ್ಲೇ ಬೈದಿದ್ರೆ ಅದಾದ್ರೂ ಉಳೀತಿತ್ತು ಭಾವ.”

ಗುಬ್ಬಿ ತುಮಕೂರಿಗೆ ತೀರ ಹತ್ತಿರವೆಂದು ರವೀಶನೇ ಭಾವನನ್ನು ಕುಣಿಗಲ್ ಕಡೆ ಸಾಗಿಸಿದ. ಅಲ್ಲಿ ನಾಗೇಶನ ಸೋದರಮಾವ ಅಣ್ಣಯ್ಯಪ್ಪನ ತೆಂಗಿನ ತೋಟವಿದೆ. ಹೊರಡುವ ಮುಂಚೆ ನಾಗೇಶ ಮನೆಗೆ ಫೋನು ಮಾಡಿ ಎಲ್ಲವನ್ನೂ ಹೆಂಡತಿಗೆ ಹೇಳಿ, ಯಾರು ಬಂದು ಕೇಳಿದರೂ ನಾನಿಲ್ಲ ಅನ್ನು ಎಂದು ಬೇಡಿಕೊಂಡ. ಪ್ರೇಮಲತಾ ಅತ್ತಳು. ಅತ್ತು, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿ ಹೊಂಬಾಳಮ್ಮನಿಗೆ ಹೇಳಿದಳು. ಹೊಂಬಾಳಮ್ಮ ಅದೇ ಆಣೆಯನ್ನು ಮನೆಮನೆಗೂ ಹೊತ್ತು ತಂದಳು. ನಮ್ಮ ಮನೆಗೆ ಬಂದದ್ದು ಸಂಜೆ ಹೊತ್ತಿಗೆ.

ಇಲ್ಲಿ ಓದುಗರಿಗೆ ಒಂದು ಸತ್ಯ ಹೇಳಿಬಿಡಬೇಕು. ಬೆಟ್ಟಸ್ವಾಮಿ ಯಾವ ಸಿಂಹವನ್ನೂ ಹುಡುಕಿಕೊಂಡು ಬಂದಿರಲಿಲ್ಲ. ಅವನು ಬಂದದ್ದು ಪುಟ್ಟತಾಯಮ್ಮನ ಪಾಸ್‌ಪೋರ್ಟಿಗಾಗಿ. ಅಜ್ಜಿ ಮೊಮ್ಮಗಳು ಸೇರಿ ಗುಟ್ಟಾಗಿ ಅರ್ಜಿ ಹಾಕಿದ್ದರು. ಅವ್ವ ಒಬ್ಬಳೇ ಹೆಬ್ಬೂರು ಬಸ್ಸು ಹತ್ತಿದರೂ ತಲುಪುವವರೆಗೆ ಊಟ ಬಿಡುವ ನಾಗೇಶನಿಗೆ ವಿಮಾನದ ಮಾತು ಹೇಳುವುದು ಹೇಗೆಂದು ಮುಚ್ಚಿಟ್ಟಿದ್ದರು. ಗಂಡನಿಂದ ಏನನ್ನೂ ಮುಚ್ಚಿಡಲಾರದ ಪ್ರೇಮಲತಾಗೂ ಹೇಳಿರಲಿಲ್ಲ. ಮನೆ ವಿಳಾಸ ಮಗನ ಹೆಸರಿನಲ್ಲಿದ್ದುದರಿಂದ ಬೆಟ್ಟಸ್ವಾಮಿ ನಾಗೇಶನನ್ನು ಕೇಳಿದ. ಅರ್ಜಿಯಲ್ಲಿದ್ದ ಮಾನಸಾಳ ನಂಬರಿಗೆ ಹೆಬ್ಬೂರಿನ ತೋಟದಲ್ಲಿ ಸಿಗ್ನಲ್ ಇರಲಿಲ್ಲ.

ಸೋಮವಾರ ಬೆಟ್ಟಸ್ವಾಮಿ ಮತ್ತೆ ಬಂದಾಗ ಇಡೀ ಬೀದಿ ತಯಾರಾಗಿತ್ತು. ನಾಗೇಶನ ಮನೆಗೆ ಬೀಗ ಹಾಕಿ ಪ್ರೇಮಲತಾಳನ್ನು ಹೊಂಬಾಳಮ್ಮ ತನ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡಿದ್ದಳು. ಪಾಸ್‌ಪೋರ್ಟ್ ವೆರಿಫಿಕೇಷನ್, ಅಕ್ಕಪಕ್ಕದವರು ಇಬ್ಬರು ಸೈನ್ ಹಾಕಬೇಕು ಎಂದು ಅವನು ಬಾಯಿಬಿಟ್ಟು ಹೇಳಿದ. ಪಾಸ್‌ಪೋರ್ಟ್ ಎಂದಕೂಡಲೇ, ಹೊರದೇಶದ ಕೇಸು ಎಂದದ್ದು ನಿಜವಾಯಿತಲ್ಲ ಎಂದು ಹೊಂಬಾಳಮ್ಮನ ಎದೆ ಹೊಡೆದುಕೊಂಡಿತು. ಸೈನು ಹಾಕಿದರೆ ನಾಗೇಶನನ್ನು ನಾವೇ ಹಿಡಿದುಕೊಟ್ಟಂತೆ ಎಂದು ಎಲ್ಲರಿಗೂ ಅರ್ಥವಾಯಿತು.

ಆ ಮನೆಯವರು ಖಾಲಿ ಮಾಡಿಕೊಂಡು ಹೋಗಿ ಎರಡು ವರ್ಷವಾಯಿತು ಎಂದಳು ಹೊಂಬಾಳಮ್ಮ. ಎದುರಿನ ದಿನಸಿ ಅಂಗಡಿಯ ತಿಮ್ಮೇಶ್, ನಾಗೇಶ್ ಬಂಗಾರದಂಥ ಮನುಷ್ಯ, ಆದರೆ ನಾನು ಅವನನ್ನು ನೋಡಿಯೇ ಇಲ್ಲ ಎಂದ. ಪುಟ್ಟತಾಯಮ್ಮ ಅನ್ನೋ ಅಜ್ಜಿ ಇದ್ದಾರಾ ಎಂದು ಬೆಟ್ಟಸ್ವಾಮಿ ಕೇಳಿದ. ಈ ಬೀದಿಯಲ್ಲಿ ಅಜ್ಜಿಯರೇ ಇಲ್ಲ ಎಂದಳು ಎಪ್ಪತ್ತು ದಾಟಿದ ಹೊಂಬಾಳಮ್ಮ. ಮೇಲೆ ತಾರಸಿಯಲ್ಲಿ ಪುಟ್ಟತಾಯಮ್ಮನ ಸೀರೆ ಗಾಳಿಗೆ ಹಾರುತ್ತಿತ್ತು. ಅದು ಯಾರದು ಎಂದು ಕೇಳಿದ್ದಕ್ಕೆ ಹಾರಿಕೊಂಡು ಬಂದು ಬಿದ್ದಿರಬೇಕು ಎಂದು ತಿಮ್ಮೇಶ್ ಉತ್ತರ ಕೊಟ್ಟ. ಬೆಟ್ಟಸ್ವಾಮಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಬೈಕು ಹತ್ತಿದ. ಒಬ್ಬ ಮನುಷ್ಯನನ್ನು ಉಳಿಸಿದೆವೆಂದು ನಮ್ಮ ಬೀದಿಯವರೆಲ್ಲ ಆ ಸಂಜೆ ಬಹಳ ಸಂತೋಷದಲ್ಲಿದ್ದರು.

ಮಾರನೆಯ ದಿನ ಹೆಬ್ಬೂರಿನಿಂದ ಬಸ್ಸಿಳಿಯುತ್ತಲೇ ಮಾನಸಾಳ ಫೋನಿಗೆ ಬೆಟ್ಟಸ್ವಾಮಿಯ ಕರೆ ಬಂತು. ನೀವು ಆ ವಿಳಾಸದಲ್ಲಿ ಇಲ್ಲವಂತಲ್ಲಮ್ಮ, ಹಾಗೆಂದೇ ಬರೆದು ಕಳಿಸಬೇಕಾಗುತ್ತೆ ಎಂದ. ಮಾನಸಾ ಗೋಗರೆದದ್ದಕ್ಕೆ, ಹಾಗಾದರೆ ನಾಳೆ ಬರುತ್ತೇನೆ, ಮನೆ ಯಜಮಾನರು ಎದುರಿಗೆ ನಿಂತು ಹೇಳಲಿ, ಇಲ್ಲದಿದ್ದರೆ ಕಳಿಸಿಬಿಡುತ್ತೇನೆ ಎಂದ. ಪುಟ್ಟತಾಯಮ್ಮ ಮನೆಗೆ ಬಂದು ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು. ಪ್ರೇಮಲತಾಳ ಬಾಯಿಂದ ಗುಬ್ಬಿ, ಕುಣಿಗಲ್, ಏಳು ದೇಶ, ಸಿಂಹ ಎಲ್ಲವೂ ಹೊರಗೆ ಬಂದವು. ಮಾನಸಾ ತನ್ನ ಫೋನಿನಲ್ಲಿ ಸಿಂಹ ಬರೆದದ್ದನ್ನು ಹುಡುಕಿ ಅಜ್ಜಿಗೆ ಓದಿ ಹೇಳಿದಳು. ಪುಟ್ಟತಾಯಮ್ಮ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕುಣಿಗಲ್ ಬಸ್ಸಿಗೆ ಹೊರಟಳು.

ಕುಣಿಗಲ್ಲಿನಲ್ಲಿ ನಾಗೇಶನ ಸ್ಥಿತಿ ಸುಖವಾಗಿರಲಿಲ್ಲ. ತೋಟದ ಮೋಟಾರು ಮನೆಯಲ್ಲಿ ಅವನ ವಾಸ. ತೆಂಗಿನ ಗರಿ ಬಿದ್ದರೆ ಪೊಲೀಸರು ಹಾರಿದರೆಂದುಕೊಳ್ಳುತ್ತಿದ್ದ. ದೂರದ ಕುದುರೆ ಫಾರಮ್ಮಿನಲ್ಲಿ ಕುದುರೆ ಕೆನೆದರೆ ಕುದುರೆಯ ಮೇಲೇ ಬಂದರೆಂದುಕೊಳ್ಳುತ್ತಿದ್ದ. ಸಾಲದ್ದಕ್ಕೆ ಮಾವ ಅಣ್ಣಯ್ಯಪ್ಪ, ಯಾರಿಗೂ ಅನುಮಾನ ಬಾರದಿರಲೆಂದು ಇವನು ತೆಂಗಿನ ರೋಗ ನೋಡಲು ಬಂದಿರುವ ಆಫೀಸರು ಎಂದು ಊರಿಗೆ ಹೇಳಿಬಿಟ್ಟಿದ್ದ. ಬೆಳಗಾದರೆ ಸುತ್ತಲಿನ ರೈತರು ಒಣಗಿದ ಗರಿ, ನುಸಿ ಹಿಡಿದ ಕಾಯಿ ಹೊತ್ತು ತಂದು ಮೋಟಾರು ಮನೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ನಾಗೇಶ ನಡುಗುವ ಕೈಯಲ್ಲಿ ಕಾಯಿ ತಿರುಗಿಸಿ ನೋಡಿ, ಬೇವಿನ ಹಿಂಡಿ ಹಾಕಿ ಎನ್ನುತ್ತಿದ್ದ. ಎಲ್ಲರಿಗೂ ಅದನ್ನೇ ಹೇಳಿದ. ಕೈ ನಡುಗುವಷ್ಟು ಕಾಳಜಿ ಮಾಡುವ ಆಫೀಸರನ್ನು ಇದುವರೆಗೆ ಕಂಡಿರಲಿಲ್ಲವೆಂದು ರೈತರು ಮೆಚ್ಚಿಕೊಂಡರು.

ಆ ಸಾಲನ್ನು ಸೀಳಿಕೊಂಡು ಪುಟ್ಟತಾಯಮ್ಮ ಬಂದಳು.

“ಏಳ್ಲಾ ಮ್ಯಾಕೆ,” ಎಂದಳು. “ಪೊಲೀಸ್ನೋನು ಬಂದಿದ್ದು ನಿನ್ ಹಿಡಿಯಾಕಲ್ಲ. ನನ್ ಪಾಸ್‌ಪೋರ್ಟ್ ನೋಡಾಕೆ.”

ನಾಗೇಶನಿಗೆ ಮೊದಲು ಜೀವ ಬಂತು. ನಿನಗ್ಯಾಕವ್ವ ಪಾಸ್‌ಪೋರ್ಟು ಎಂದು ಕೇಳಿದ ಮೇಲೆ ಅದು ಮತ್ತೆ ಹೋಯಿತು. ಮುದ್ದೆ ಕೊಯ್ದ ಆ ಕಾಂತೇಶ್ ಬೇರೆ ಯಾರೂ ಅಲ್ಲ, ಹೆಬ್ಬೂರಿನ ರಂಗಯ್ಯನ ಮಗ. ರಂಗಯ್ಯ ಪುಟ್ಟತಾಯಮ್ಮನಿಗೆ ತವರಿನ ಕಡೆಯಿಂದ ಅಣ್ಣನಾಗಬೇಕು. ಮಾನಸಾ ಆ ವಿಡಿಯೊ ತೋರಿಸಿದಾಗ ಅವಳು ಹುಡುಗನ ಕಿವಿ ನೋಡಿಯೇ ಗುರುತು ಹಿಡಿದಿದ್ದಳು. ಸಿಂಹ ಬರೆದ ಮಾರನೆಯ ದಿನವೇ, ಮೊಮ್ಮಗಳ ಕೈಯಲ್ಲಿ ತನ್ನ ಹೆಸರು ಹಾಕಿಸಿ, ತನ್ನ ಫೋಟೊ ಹಾಕಿಸಿ, ಅವಳೂ ಬರೆಸಿದ್ದಳು: “ಏನ್ಲಾ ಮೂದೇವಿ, ರಂಗಣ್ಣನ ಮಗ ಅಲ್ವೇನ್ಲಾ ನೀನು. ಮುದ್ದೆನ ಚಾಕುನಾಗೆ ಕುಯ್ತೀಯಲ್ಲ, ನಿನ್ ಕೈಗೆ ಬೆಂಕಿ ಬೀಳ. ಸಿಕ್ಕು, ಮುದ್ದೆ ಕೋಲಲ್ಲೇ ಬಾರಿಸ್ತೀನಿ. ಉಂಡ್ಯಾ?”

ಕೊನೆಯ ಮಾತನ್ನು ಓದಿ ಹುಡುಗ ಅತ್ತನಂತೆ. ಅಂದೇ ಫೋನು ಮಾಡಿದನಂತೆ. ಅವನ ಹೆಂಡತಿ ಯಶಸ್ವಿನಿ ಆರು ತಿಂಗಳ ಬಸುರಿ. ಅವಳಿಗೆ ತಾಯಿಯಿಲ್ಲ, ಅವನಿಗೂ ಇಲ್ಲ. ಅವನು ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸು. ರಾತ್ರಿ ಪಾಳಿ ಬಂದರೆ ಹುಡುಗಿ ಮನೆಯಲ್ಲಿ ಒಬ್ಬಳೇ. ರಂಗಯ್ಯ ಹೊರಟಿದ್ದಾನೆ, ಆದರೆ ಗಂಡಸಿಗೆ ಬಾಣಂತನ ಎಲ್ಲಿ ಬರುತ್ತದೆ. ನೀವು ಬನ್ನಿ ಅತ್ತೆ ಎಂದು ಹುಡುಗ ಕೇಳಿದ್ದಕ್ಕೆ ಪುಟ್ಟತಾಯಮ್ಮ ಒಪ್ಪಿಕೊಂಡಿದ್ದಳು. ಹೆಬ್ಬೂರಿನ ಅರ್ಧ ಊರಿನ ಕೂಸುಗಳಿಗೆ ಎಣ್ಣೆ ನೀರು ಹಾಕಿದ ಕೈ ಅವಳದು.

“ಯಾವ್ ದೇಶ ಅವ್ವ?” ಎಂದು ನಾಗೇಶ ಕೇಳಿದ.

“ಜರ್ಮನಿ.”

ನಾಗೇಶ ಮೋಟಾರಿನ ಮೇಲೆಯೇ ಕೂತುಬಿಟ್ಟ. ಬೈದರೇ ಕೇಸು ಹಾಕುವ ದೇಶ. ತಾನು ಕೈ ಮುರಿಯುವುದಾಗಿ ಬರೆದದ್ದು ಅಲ್ಲಿ, ಅವ್ವ ಕೋಲಲ್ಲಿ ಬಾರಿಸುವುದಾಗಿ ಬರೆದದ್ದೂ ಅಲ್ಲಿ. ಇಬ್ಬರನ್ನೂ ಒಟ್ಟಿಗೆ ಹಾಕುತ್ತಾರೋ ಬೇರೆಬೇರೆಯೋ ಎಂದು ಅವನಿಗೆ ತೋಚಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ನಿಧಾನವಾಗಿ ಹತ್ತಿತು. ಸಿಂಹ ಈ ಮನೆಯದೇ ಎಂದು ಗೊತ್ತಾದರೆ ಆ ಹುಡುಗ ಅವ್ವನನ್ನು ಮನೆಯೊಳಗೆ ಸೇರಿಸುವುದಿಲ್ಲ. ಗೊತ್ತಾಗದಿರಲೆಂದು ತಾನು ಅಡಗಿ ಕೂತರೆ ಪಾಸ್‌ಪೋರ್ಟು ಬರುವುದಿಲ್ಲ. ಹೇಗೆ ಹೋದರೂ ಆ ಹುಡುಗಿ ಹೆರಿಗೆ ಹೊತ್ತಿಗೆ ಒಂಟಿ.

“ನಾಳೆ ಪೊಲೀಸ್ನೋನ ಮುಂದೆ ನಿಂತ್ಕಂಡು, ಇವ್ಳು ನಮ್ಮವ್ವ, ಇದು ನಮ್ಮನೆ ಅಂತ ಹೇಳು. ಅಷ್ಟೇ ನೀನು ಮಾಡ್ಬೇಕಾಗಿರಾದು,” ಎಂದಳು ಪುಟ್ಟತಾಯಮ್ಮ. ಬಾಗಿಲಿನಲ್ಲಿ ನಿಂತಿದ್ದ ರೈತರಿಗೆ ಆಫೀಸರಿಗೆ ವರ್ಗವಾಯಿತು ಎಂದು ಅಣ್ಣಯ್ಯಪ್ಪ ವಿಷಾದದಿಂದ ತಿಳಿಸಿದ.

ಬುಧವಾರ ಬೆಟ್ಟಸ್ವಾಮಿ ಬೀದಿಗೆ ಬಂದಾಗ ಗೇಟಿಗೆ ಅಡ್ಡವಾಗಿ ಎಂದಿನಂತೆ ಹೊಂಬಾಳಮ್ಮನ ಮಗನ ಬೈಕು ನಿಂತಿತ್ತು. ಅದರ ಆಚೆ ಪೊಲೀಸು, ಈಚೆ ನಾಗೇಶ. ಹೊಟ್ಟೆ ಒಳಗೆಳೆದುಕೊಂಡು ಬನ್ನಿ ಎಂದು ಪೊಲೀಸರಿಗೆ ಹೇಳುವಂತಿಲ್ಲ. ನಾಗೇಶ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ, “ಹೊಂಬಾಳಕ್ಕಾ, ಸ್ವಲ್ಪ ಗಾಡಿ ತೆಗಿಸ್ರಿ,” ಎಂಬ ಮಾತು ಸಣ್ಣಗೆ ಹೊರಗೆ ಬಂತು. ಅಯ್ಯೋ, ಇಷ್ಟು ದಿನ ಹೇಳಬಾರದಿತ್ತೇನಪ್ಪ ಎಂದು ಹೊಂಬಾಳಮ್ಮ ಮಗನನ್ನು ಕೂಗಿದಳು. ಬೈಕು ಸರಿಯಿತು. ನಾಗೇಶ ಅದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ.

ಬೆಟ್ಟಸ್ವಾಮಿ ಮಾತ್ರ ನಾಗೇಶನನ್ನು ನೋಡುತ್ತಿದ್ದ. “ನೀವು ಈ ಕಡೆಯವ್ರಲ್ಲ ಅಂದಿದ್ರಲ್ಲ,” ಎಂದ.

ಹೇಳಬೇಕಾಗಿದ್ದದ್ದು ಎರಡೇ ಮಾತು. ಇವಳು ನಮ್ಮವ್ವ, ಇದು ನಮ್ಮ ಮನೆ. ನಾಗೇಶ ಅವೆರಡನ್ನೂ ಹೇಳಿದ. ಹೇಳಿದ ಮೇಲೆ ನಿಲ್ಲಿಸಬೇಕೆಂದು ಅವನಿಗೂ ಇತ್ತು, ಬಾಯಿಗಿರಲಿಲ್ಲ. ಮುದ್ದೆ, ಚಾಕು, ಕೊಡಲಿ, ಸಿಂಗಪುರ, ದುಬೈ, ಜಪಾನು, ಏಳು ವರ್ಷ, ಮೇಲೆ ಎರಡು ವರ್ಷ ಎಲ್ಲವನ್ನೂ ಪೇದೆಯ ಕಾಲ ಮುಂದೆ ಸುರಿದು, ಎರಡು ಕೈಗಳನ್ನೂ ಜೋಡಿಸಿ ಬೇಡಿ ಹಾಕಲು ಅನುಕೂಲವಾಗುವಂತೆ ಮುಂದೆ ಚಾಚಿದ. ಬೀದಿಯವರೆಲ್ಲ ಗೇಟಿನ ಸುತ್ತ ನಿಂತಿದ್ದರು. ತಿಮ್ಮೇಶ್ ಅಂಗಡಿಯ ಗಿರಾಕಿಗೆ ಸಕ್ಕರೆ ತೂಗುವುದನ್ನು ಮರೆತಿದ್ದ.

ಬೆಟ್ಟಸ್ವಾಮಿ ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ.

“ನಮ್ಗೆ ಯಾವ್ ದೇಶದಿಂದಾನೂ ಏನೂ ಬಂದಿಲ್ಲ,” ಎಂದ. “ಬಂದ್ರೆ ಕರೀತೀನಿ, ಬರ್ಬೇಕಾಯ್ತದೆ.” ಆಮೇಲೆ ತಲೆ ಕೆರೆದುಕೊಂಡ. “ಶಿರಾ ಗೇಟ್ ಸಿಂಹ ಅಂದ್ರಲ್ಲ. ಸೀಟಿ ಕಿತ್ತು ಬಾಯಿಗೆ ತುರುಕ್ತೀನಿ ಅಂತ ಬರ್ದಿದ್ದೂ ನೀವೇನಾ?”

ನಾಗೇಶ ತಲೆಯಾಡಿಸಿದ.

“ಆಗ ನಾನು ಟ್ರಾಫಿಕ್ಕಲ್ಲಿದ್ದೆ, ಆವತ್ತು ಅಲ್ಲಿ ಡ್ಯೂಟಿಲಿದ್ದಿದ್ದು ನಾನೇ ಸಾರ್. ಬಿಸ್ಲಲ್ಲಿ ನಿಂತು ಮನೆಗೆ ಹೋದ್ರೆ ಮಗ್ಳು ಓದಿ ತೋರ್ಸಿದ್ಲು.”

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ನಾಗೇಶನಿಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿ ಕೈ ಮುಗಿದ. ಬೆಟ್ಟಸ್ವಾಮಿ ಆಧಾರ್ ನೋಡಿದ, ಹೊಂಬಾಳಮ್ಮ ಮತ್ತು ತಿಮ್ಮೇಶನ ಸೈನು ಹಾಕಿಸಿಕೊಂಡ, ಎರಡು ದಿನದ ಕೆಳಗೆ ಇಲ್ಲದಿದ್ದ ಅಜ್ಜಿಯ ಕೈಯಿಂದ ಕಾಫಿ ಕುಡಿದ. ಹೋಗುವಾಗ, ಆ ಹುಡುಗನ ಹತ್ತಿರ ನೀವೇ ಮಾತಾಡಿ, ಇದಕ್ಕೆ ನಾನು ಹೇಳುವಂಥದ್ದು ಏನೂ ಇಲ್ಲ ಎಂದು ನಾಗೇಶನಿಗೆ ಹೇಳಿದ.

ಆ ಸಂಜೆಯೇ ಮಾನಸಾ ಕಾಂತೇಶನಿಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ನೀರಿನ ಚೊಂಬಿಗೆ ಒರಗಿಸಿದಳು. ಸುದ್ದಿ ಕೇಳಬೇಕೆಂದು ಬಂದ ನಾವು ಐದಾರು ಜನ ಬಾಗಿಲಲ್ಲಿ ನಿಂತಿದ್ದೆವು. ಪರದೆಯ ಮೇಲೆ ಕಾಂತೇಶ್ ಬಂದ, ಪಕ್ಕದಲ್ಲಿ ದಿಂಬಿಗೊರಗಿದ ಯಶಸ್ವಿನಿ. ನಾಗೇಶ ಗೋಡೆಗೆ ಅಂಟಿಕೊಂಡು ಫೋನಿಗೆ ಕಾಣದಂತೆ ಕೂತಿದ್ದ. ಪಾಸ್‌ಪೋರ್ಟಿನ ಸುದ್ದಿ ಕೇಳಿ ಇಬ್ಬರಿಗೂ ಸಂತೋಷವಾಯಿತು. ನೀವು ಬಂದರೆ ನನಗೆ ನಿದ್ದೆಯಾದರೂ ಬರುತ್ತದೆ ಅತ್ತೆ ಎಂದಳು ಯಶಸ್ವಿನಿ. ಯಾಕವ್ವ, ಈಗ ಬರುವುದಿಲ್ಲವೇ ಎಂದು ಪುಟ್ಟತಾಯಮ್ಮ ಕೇಳಿದಳು.

“ನಿಮ್ಮೂರವ್ನೇ ಯಾರೋ ಒಬ್ಬ, ಎಲ್ಲಿದ್ದೀಯ ಗೊತ್ತು ಅಂತ ಬರ್ದಿದ್ದಾನೆ ಅತ್ತೆ. ಇವ್ರು ನೈಟ್ ಡ್ಯೂಟಿಗೆ ಹೋದ್ಮೇಲೆ ಬಾಗ್ಲಿಗೆ ಕುರ್ಚಿ ಅಡ್ಡ ಇಟ್ಕೊಂಡು ಕೂತಿರ್ತೀನಿ. ಪಕ್ಕದ್ಮನೆಯವ್ರು ಬೆಲ್ ಮಾಡಿದ್ರೂ ಎದೆ ಹೊಡ್ಕೊಳತ್ತೆ.”

ಕುಕ್ಕರ್ ಕೂಗಿದರೆ ಹಿತ್ತಲ ಬಾಗಿಲು ನೋಡುತ್ತಿದ್ದ ನಾಗೇಶ ಅದನ್ನು ಗೋಡೆಗೆ ಒರಗಿಕೊಂಡೇ ಕೇಳಿದ. ಇಷ್ಟು ದಿನ ತಾನು ಪಟ್ಟ ಭಯವನ್ನೇ ಅಷ್ಟು ದೂರದಲ್ಲಿ ಒಂದು ಬಸುರಿ ಹುಡುಗಿ ಕುರ್ಚಿಯ ಹಿಂದೆ ಕೂತು ಪಡುತ್ತಿದ್ದಳು. ಏಳು ದೇಶದ ಕಾನೂನು ಕೇಳಿದಾಗಲೂ ಅವನ ಮುಖ ಹಾಗಾಗಿದ್ದನ್ನು ಯಾರೂ ನೋಡಿರಲಿಲ್ಲ. ಅವನು ಎದ್ದು ಬಂದು ಫೋನಿನ ಮುಂದೆ ಕೂತ.

“ಅದು ನಾನೇ ಕಣಮ್ಮ,” ಎಂದ. “ಆ ಸಿಂಹ ನಾನೇ. ನೀವೆಲ್ಲಿದ್ದೀರ ಅಂತ ನಂಗೆ ಗೊತ್ತಿಲ್ಲ. ಆವತ್ತೂ ಗೊತ್ತಿರ್ಲಿಲ್ಲ.”

ಆ ಕಡೆ ಮಾತು ನಿಂತುಹೋಯಿತು. ನೆಟ್‌ವರ್ಕ್ ಹೋಯಿತೇನೋ ಎಂದು ಮಾನಸಾ ಬಗ್ಗಿ ನೋಡಿದಳು. ಹೋಗಿರಲಿಲ್ಲ. ಕಾಂತೇಶ್ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ದೂರು ಈಗ ಪೊಲೀಸರ ಕೈಯಲ್ಲಿದೆ, ನಾನು ಹೇಳಿ ನೋಡಬಹುದು ಅಷ್ಟೇ, ಅವರು ಬಿಟ್ಟರೆ ಬಿಟ್ಟರು ಎಂದ. ಆಗಲಿ ಎಂದ ನಾಗೇಶ, ಕೈಯಿಂದ ಮುಖ ಒರೆಸಿಕೊಂಡ. ನಮ್ಮವ್ವನ್ನ ಮಾತ್ರ ಬೇಡ ಅನ್ನಬೇಡಿ ಎಂದ. ಯಶಸ್ವಿನಿ ಅವನನ್ನೇ ನೋಡುತ್ತಿದ್ದಳು.

ಪುಟ್ಟತಾಯಮ್ಮ ಮಗನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಫೋನಿಗೆ ಇನ್ನಷ್ಟು ಹತ್ತಿರ ತಂದಳು.

“ಸರ್ಯಾಗ್ ನೋಡ್ಕಳವ್ವ,” ಎಂದಳು. “ಇದೇ ಆ ಮಕ. ಇದ್ಕಾ ನೀನು ಬಾಗ್ಲಿಗೆ ಕುರ್ಚಿ ಇಟ್ಕಂಡು ಕುಂತಿದ್ದು?”

ಯಶಸ್ವಿನಿ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ಆ ಕುರ್ಚಿಯನ್ನು ತೆಗೆದು ಊಟದ ಮೇಜಿಗೆ ಹಾಕಿಬಿಡಿ, ಅತ್ತೆ ಬಂದರೆ ಬೇಕಾಗುತ್ತದೆ ಎಂದಳು.